ಸಿಎ ಫೈನಲ್: ಮಧ್ಯಾಹ್ನ 2 ಗಂಟೆವರೆಗೆ ಗಾಬರಿ ತಡೆಯುವುದು ಹೇಗೆ?

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಫೈನಲ್ ಬರೆಯುವವರಿಗೆ ‘ಟೆನ್ಷನ್ ಮಾಡ್ಕೋಬೇಡ’ ಎನ್ನುವುದು ದಂಡದ ಮಾತು. ಪ್ರತಿ ಪೇಪರ್‌ನಲ್ಲೂ 40 ಬರಬೇಕು, ಮೂರು ಪೇಪರ್ ಸೇರಿದ ಗ್ರೂಪ್‌ನ ಒಟ್ಟು ಅಂಕ ಶೇ 50 ಮುಟ್ಟಬೇಕು. ಒಂದರಲ್ಲಿ 38 ಬಂದರೂ ಗ್ರೂಪ್ ಕೈತಪ್ಪುತ್ತದೆ. ಎದೆ ಢವಢವ ಎನ್ನದೆ ಇರುತ್ತದೆಯೇ? ಗಾಬರಿಯನ್ನು ಪೂರ್ತಿ ಓಡಿಸಲು ಹೋಗಬೇಡಿ. ಆ ದಿನ ತಲೆ ಕೆಡಿಸಿಕೊಳ್ಳಬೇಕಾದ ತೀರ್ಮಾನಗಳನ್ನು ಮೊದಲೇ ಮುಗಿಸಿಡಿ, ಸಾಕು.

ಬ್ಯಾಗು ಹಿಂದಿನ ರಾತ್ರಿಯೇ ರೆಡಿ ಇರಲಿ. ಅಡ್ಮಿಟ್ ಕಾರ್ಡ್ ಪ್ರಿಂಟ್, ಗುರುತಿನ ಚೀಟಿ, ಈಗಾಗಲೇ ಬರೆದು ಕೈಗೆ ಒಗ್ಗಿದ ಪೆನ್ನುಗಳು. ಕ್ಯಾಲ್ಕುಲೇಟರ್‌ಗೆ ನಿಯಮವಿದೆ: 12 ಅಂಕಿ, 6 ಫಂಕ್ಷನ್, 2 ಮೆಮೊರಿ ಮೀರಬಾರದು. ಪರೀಕ್ಷೆಗೆಂದೇ ಹೊಸದು ಕೊಳ್ಳಬೇಡಿ. ಆರ್ಟಿಕಲ್‌ಶಿಪ್‌ನಲ್ಲಿ (ಸಿಎ ಕಚೇರಿಯ ತರಬೇತಿಯಲ್ಲಿ) ಕುಟ್ಟಿ ಕುಟ್ಟಿ ಬಟನ್ ಸವೆಸಿದ ಹಳೆಯದೇ ವಾಸಿ. ಮೆಮೊರಿಯ ಎಂ-ಪ್ಲಸ್ ಬಟನ್ ಎಲ್ಲಿದೆ ಎಂದು ಬೆರಳಿಗೇ ಗೊತ್ತಿರುತ್ತದೆ.

ನಿಜವಾದ ಕಾಟ ಬೆಳಗ್ಗೆಯದು. ಪರೀಕ್ಷೆ 2 ಗಂಟೆಗೆ, ಎಚ್ಚರವಾಗುವುದು 5ಕ್ಕೆ. ನಡುವಿನ ಒಂಬತ್ತು ಗಂಟೆ ಏನು ಮಾಡಬೇಕು? ಹೆಚ್ಚಿನವರು ಇಡೀ ಪುಸ್ತಕ ತಿರುವಿಹಾಕುತ್ತಾರೆ. ಬಾರದ್ದೇ ಕಣ್ಣಿಗೆ ಬೀಳುತ್ತದೆ, ಬರುವುದೂ ಮರೆತಂತಾಗುತ್ತದೆ. ನೀವೇ ಗುರುತು ಹಾಕಿಟ್ಟ ಪುಟಗಳನ್ನು ಮಾತ್ರ ನೋಡಿ. ಹೊಸ ಟಾಪಿಕ್ ಒಂದೂ ಬೇಡ. ಹನ್ನೊಂದೂವರೆಗೆ ಪುಸ್ತಕ ಮುಚ್ಚಿ ಊಟ ಮಾಡಿ. ಎರಡು ಇಡ್ಲಿಯೋ ಒಂದಿಷ್ಟು ಮೊಸರನ್ನವೋ ಆದೀತು. ಹೊಟ್ಟೆ ಬಿರಿಯ ತಿಂದರೆ ಮೂರು ಗಂಟೆಗೆ ಆಕಳಿಕೆ ಶುರು. ಕಾಫಿ ದಿನದಷ್ಟೇ ಇರಲಿ. ಜಾಸ್ತಿ ಕುಡಿದರೆ ಕೈನಡುಕ, ಎದೆಬಡಿತ ಏರುತ್ತದೆ. ಅದನ್ನೇ ಭಯ ಅಂದುಕೊಂಡು ಇನ್ನಷ್ಟು ಹೆದರುತ್ತೇವೆ.

ಹೊರಡುವ ಮೊದಲು ಹತ್ತು ನಿಮಿಷ ಒಂದು ಹಾಳೆ ಹಿಡಿದು ಕೂರಿ. ‘ಡೈರೆಕ್ಟ್ ಟ್ಯಾಕ್ಸ್ ಕೈಕೊಟ್ಟರೆ?’ ‘ಮನೆಯಲ್ಲಿ ಏನಂತ ಹೇಳಲಿ?’ ಭಯ ಏನಿದೆಯೋ ಎಲ್ಲ ಬರೆಯಿರಿ, ಆಮೇಲೆ ಹರಿದು ಎಸೆಯಿರಿ. ಹುಚ್ಚಾಟ ಅನ್ನಿಸಬಹುದು. ಆದರೆ ಹೀಗೆ ಬರೆದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಅನುಕೂಲವಾಗಿದ್ದನ್ನು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ಸೆಂಟರ್ ಗೇಟಿನ ಬಳಿ ಒಂದು ಗುಂಪು ಇದ್ದೇ ಇರುತ್ತದೆ. ‘ಆ ಅಮೆಂಡ್‌ಮೆಂಟ್ ನೋಡಿದ್ಯಾ? ಪಕ್ಕಾ ಬರತ್ತಂತೆ!’ ಅವರಿಗೂ ಗೊತ್ತಿಲ್ಲ, ಸುಮ್ನೆ ಹುಳ ಬಿಡುತ್ತಾರೆ. ನಕ್ಕು ಮುಂದೆ ಹೋಗಿ. ಒಂದು ಕಡೆ ಕೂತು, ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಏಳೆಂಟು ಎಣಿಸುತ್ತಾ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕು.

1.45ಕ್ಕೆ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ. ಮೊದಲ ಐದು ಪೇಪರ್‌ಗಳಿಗೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರೆ. ಆಗ ಉತ್ತರ ಹುಡುಕುತ್ತಾ ಕೂರಬೇಡಿ. ವಿವರಣೆಯ ಭಾಗದಲ್ಲಿ ತಲಾ 14 ಅಂಕದ ಆರು ಪ್ರಶ್ನೆ. ಮೊದಲನೆಯದು ಕಡ್ಡಾಯ, ಉಳಿದ ಐದರಲ್ಲಿ ನಾಲ್ಕು ಬರೆದರೆ ಸಾಕು. ಯಾವುದನ್ನು ಬಿಡುತ್ತೀರಿ ಎಂಬುದನ್ನು ಆ 15 ನಿಮಿಷದಲ್ಲೇ ಗಟ್ಟಿ ಮಾಡಿಕೊಳ್ಳಿ. ಗಾಬರಿ ಅರ್ಧ ಅಲ್ಲೇ ಇಳಿಯುತ್ತದೆ. 180 ನಿಮಿಷಕ್ಕೆ 100 ಅಂಕ, ಅಂದರೆ 14 ಅಂಕಕ್ಕೆ 25 ನಿಮಿಷ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುತ್ತಿಲ್ಲವೇ? ಬಿಡಿ, ಮುಂದಿನದಕ್ಕೆ ಹೋಗಿ. ಮಾಡಿದ ವರ್ಕಿಂಗ್ ನೋಟ್ಸ್‌ಗೂ (ಲೆಕ್ಕದ ಹಂತಗಳಿಗೂ) ಅಂಕ ಸಿಗುತ್ತದೆ. 30 ಅಂಕದ ಬಹು ಆಯ್ಕೆ ಪ್ರಶ್ನೆಗಳಲ್ಲಿ ಗೊತ್ತಿಲ್ಲದ್ದಕ್ಕೂ ಒಂದು ಗುರುತು ಹಾಕಿ. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಹೊರಬಂದ ಮೇಲೆ ಉತ್ತರ ತಾಳೆ ನೋಡಬೇಡಿ. ಮುಂದಿನ ಪೇಪರ್‌ಗೆ ಸಾಮಾನ್ಯವಾಗಿ ಉಳಿದಿರುವುದು ಒಂದೂವರೆ ದಿನ. ಮೊದಲ ಪೇಪರ್ ಕೆಟ್ಟಿತೆಂದು ‘ಈ ಅಟೆಂಪ್ಟ್ ಬೇಡ’ ಎಂದು ಮನೆಯಲ್ಲಿ ಕೂರುವವರು ಕಡಿಮೆಯೇನಲ್ಲ. ಅಲ್ಲೇ ಎಡವುವುದು. ಗ್ರೂಪ್ ಫೇಲಾದರೂ ಒಂದು ಪೇಪರ್‌ನಲ್ಲಿ 60 ಬಂದರೆ ಮುಂದಿನ ಮೂರು ಅಟೆಂಪ್ಟ್‌ಗಳಿಗೆ ಅದರ ಎಕ್ಸೆಂಪ್ಷನ್ ಸಿಗುತ್ತದೆ, ಅಂದರೆ ಅದನ್ನು ಮತ್ತೆ ಬರೆಯಬೇಕಿಲ್ಲ. ಆದರೆ ಆ ಗ್ರೂಪ್‌ನ ಎಲ್ಲ ಪೇಪರ್‌ಗಳಿಗೂ ಹಾಜರಾಗಿರಬೇಕು. ಹಾಗಾಗಿ ಮೊದಲನೆಯದು ಹೇಗೇ ಆಗಿರಲಿ, ಉಳಿದೆರಡನ್ನೂ ಹೋಗಿ ಬರೆದು ಬನ್ನಿ.