ಎಳೆ ನೇಪಿಯರ್, ಜೋಳದ ನುಚ್ಚು, ಮೆಗ್ನೀಸಿಯಂ

"ಮಿನರಲ್ ಪೌಡರ್ ತಪ್ಪದೆ ಹಾಕ್ತೀನಿ, ಆದ್ರೂ ಹಸು ಅದುರುತ್ತಲ್ಲಣ್ಣ" ಅಂತ ಮಳೆಗಾಲದಲ್ಲಿ ಯಾರಾದರೂ ಕೇಳುತ್ತಾರೆ. ಪೌಡರ್ ಯಾವುದು ಅಂತ ನಾನು ಕೇಳುವುದಿಲ್ಲ. ಜೊತೆಗೆ ಏನು ಮೇವು ಹಾಕ್ತೀಯಪ್ಪ ಅಂತ ಕೇಳುತ್ತೇನೆ. ಹಸು ಹೀಗೆ ಅದುರುವುದು ಮೈಯಲ್ಲಿ ಮೆಗ್ನೀಸಿಯಂ ಕಮ್ಮಿಯಾಗಿ ಇರಬಹುದು; ಪೌಡರ್‌ನಲ್ಲಿ ಅದಿದ್ದರೂ ಮೇವು ಸರಿಯಿಲ್ಲದಿದ್ದರೆ ಮೈಗೆ ಹತ್ತುವುದಿಲ್ಲ.

ನಮ್ಮ ಕೊಟ್ಟಿಗೆ ತೊಳೆದ ನೀರು, ಗಂಜಲ ಎಲ್ಲ ಸೀದಾ ನೇಪಿಯರ್ ಹುಲ್ಲಿಗೆ ಹೋಗುತ್ತದೆ. ಗೊಬ್ಬರದ ದುಡ್ಡು ಉಳಿಯುತ್ತದೆ, ನಿಜ. ಆದರೆ ಗಂಜಲದ ಪೊಟ್ಯಾಷಿಯಂ ಆ ಹುಲ್ಲಿನ ಮೂಲಕ ವಾಪಸ್ ಹಸುವಿನ ಹೊಟ್ಟೆಗೇ ಬರುತ್ತದೆ. ಮಳೆ ಬಿದ್ದ ಮೇಲಿನ ಎಳೆ ಹುಲ್ಲಲ್ಲಂತೂ ಪ್ರೋಟೀನೂ ಜಾಸ್ತಿ.

ದೊಡ್ಡ ಹಸು ಮೆಗ್ನೀಸಿಯಂ ಹೀರಿಕೊಳ್ಳುವುದು ಮುಖ್ಯವಾಗಿ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ. ಅಲ್ಲಿ ಪೊಟ್ಯಾಷಿಯಂ ಹೆಚ್ಚಾದರೆ ಹೊಟ್ಟೆಯ ಗೋಡೆ ಮೆಗ್ನೀಸಿಯಂ ಅನ್ನು ಒಳಗೆ ಬಿಡುವುದು ಕಮ್ಮಿ. ಪ್ರೋಟೀನಿನಿಂದ ಅಮೋನಿಯಾ ಹುಟ್ಟಿ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಏರಿದರೆ ಮೆಗ್ನೀಸಿಯಂ ಸರಿಯಾಗಿ ಕರಗುವುದೂ ಇಲ್ಲ, ಸಗಣಿಯಲ್ಲಿ ಹೋಗಿಬಿಡುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಪಿಷ್ಟ. ಮುಸುಕಿನ ಜೋಳದ ನುಚ್ಚು ರೂಮೆನ್‌ನಲ್ಲಿ ಹುದುಗಿ ಆಮ್ಲವಾಗುತ್ತದೆ, ಪಿಎಚ್ ಇಳಿಯುತ್ತದೆ, ಮೆಗ್ನೀಸಿಯಂ ಕರಗುತ್ತದೆ. ಹುದುಗಿಸುವ ಸೂಕ್ಷ್ಮಜೀವಿಗಳು ಅಮೋನಿಯಾವನ್ನೂ ಬಳಸಿಕೊಂಡು ಬೆಳೆಯುತ್ತವೆ.

ಹಾಗಾಗಿ ಬೆಳಿಗ್ಗೆ ಮೊದಲು ಒಣ ರಾಗಿ ಹುಲ್ಲು ಹಾಕುತ್ತೇನೆ. ನೇಪಿಯರ್ ಕೊಯ್ದು ಬಾಡಿಸಿ ಆಮೇಲೆ. ಹಾಲು ಕರೆಯುವ ಹೊತ್ತಿಗೆ ಮುಸುಕಿನ ಜೋಳದ ನುಚ್ಚು, ಬೂಸಾ, ಸ್ವಲ್ಪ ಹಿಂಡಿ. ಮಿನರಲ್ ಪುಡಿಯನ್ನು ಅದರಲ್ಲೇ ನೀರು ಚಿಮುಕಿಸಿ ಕಲಸುತ್ತೇನೆ. ಸುಮ್ನೆ ಮೇಲೆ ಉದುರಿಸಿದರೆ ಪುಡಿ ಬಕೆಟ್ ತಳದಲ್ಲಿ ಉಳಿಯುತ್ತದೆ, ಹಸು ನುಚ್ಚು ನೆಕ್ಕಿ ಮೂತಿ ಎತ್ತುತ್ತದೆ. ಒಂದು ಹಿಡಿ ಉಪ್ಪನ್ನೂ ಬಿಡುವುದಿಲ್ಲ. ಸೋಡಿಯಂ ಕಮ್ಮಿಯಾದರೆ ರೂಮೆನ್‌ನಲ್ಲಿ ಪೊಟ್ಯಾಷಿಯಂ ಇನ್ನೂ ಏರುತ್ತದೆ.

ನುಚ್ಚು ಒಳ್ಳೇದು ಅಂತ ಬಕೆಟ್‌ಗಟ್ಟಲೆ ಸುರಿಯುವವರಿದ್ದಾರೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಸುವಿಗೆ ಹುಳಿ ಹೊಟ್ಟೆ. ಮೆಲುಕು ಕಮ್ಮಿಯಾಗುತ್ತದೆ, ಸಗಣಿ ನೀರಾಗುತ್ತದೆ, ಡೇರಿಯಲ್ಲಿ ಫ್ಯಾಟ್ ಬೀಳುತ್ತದೆ. ನಾನು ನುಚ್ಚಿನ ಅಳತೆ ಹಿಡಿಯುವುದು ಆ ಫ್ಯಾಟ್ ಚೀಟಿ ಮತ್ತು ಸಗಣಿ ನೋಡಿಯೇ.

ಮೆಗ್ನೀಸಿಯಂ ಬೇಕೆಂದಾಗ ಮೂಳೆಯಿಂದ ಬೇಗ ಬಿಡುಗಡೆಯಾಗುವುದಿಲ್ಲ, ಹಾಗಾಗಿ ದಿನಾ ಮೇವಿನಲ್ಲೇ ಸಿಗಬೇಕು. ಆದರೆ ಕಿವಿ ಅದುರಿ, ಕಣ್ಣು ಅಗಲಿಸಿ, ತೂರಾಡುತ್ತಿರುವ ಹಸುವಿಗೆ ನುಚ್ಚು ಕಲಸುತ್ತಾ ಕೂರಬೇಡಿ. ಬಾಯಿಗೆ ಏನೂ ಹೊಯ್ಯದೆ ತಕ್ಷಣ ಪಶು ಡಾಕ್ಟ್ರನ್ನು ಕರೆಯಿರಿ.