‘ಬ್ಯಾಂಜೋ ಲೆಸನ್’ ಕ್ಯಾನ್ವಾಸ್ ಮೇಲೆ ಮುದ್ರಿಸಿಕೊಳ್ಳುವವರಿಗೆ

ಚೌಕಟ್ಟು ಹಾಕುವ ನನ್ನ ಅಂಗಡಿಗೆ ಬರುವುದು ಹೆಚ್ಚಾಗಿ ದೇವರ ಪಟಗಳು, ಮದುವೆ ಫೋಟೊಗಳು. ಅಮೆರಿಕದ ಚಿತ್ರಕಾರ ಹೆನ್ರಿ ಒಸ್ಸಾವಾ ಟ್ಯಾನರ್ 1893ರಲ್ಲಿ ಬರೆದ ‘ದಿ ಬ್ಯಾಂಜೋ ಲೆಸನ್’ ಚಿತ್ರ ಬೇಕೆಂದು ಯಾರಾದರೂ ಕೇಳಿದರೆ ಮಾತ್ರ ಕೈಯಲ್ಲಿದ್ದ ಕೆಲಸ ಬದಿಗಿಡುತ್ತೇನೆ. ಬಡವರ ಮನೆಯೊಳಗೆ ಕಪ್ಪು ಅಮೆರಿಕನ್ ಮುದುಕನೊಬ್ಬ ಹುಡುಗನನ್ನು ಮಡಿಲಿಗೆ ಒರಗಿಸಿಕೊಂಡು ಬ್ಯಾಂಜೋ ಎಂಬ ತಂತಿವಾದ್ಯ ಕಲಿಸುತ್ತಿರುವ ಚಿತ್ರ ಅದು. ಮೂಲಕೃತಿ ವರ್ಜೀನಿಯಾದ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಕಲಾವಿದ ತೀರಿಕೊಂಡದ್ದು 1937ರಲ್ಲಿ; ನಮ್ಮಲ್ಲಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ.

ಮೊದಲು ಅಳತೆ. ಮೂಲದ ಎತ್ತರ ಸುಮಾರು 49 ಇಂಚು, ಅಗಲ 35.5. ನಿಮಗೆ 24 ಇಂಚು ಎತ್ತರ ಬೇಕಿದ್ದರೆ ಅಗಲ 17.4 ಇಂಚು ಆಗಲೇಬೇಕು. ಸಿದ್ಧ ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸುತ್ತೇವೆ ಎಂದರೆ ಒಪ್ಪಬೇಡಿ. ಇಷ್ಟು ಗಾತ್ರಕ್ಕೆ ಎತ್ತರದಲ್ಲಿ 3600 ಪಿಕ್ಸೆಲ್ ಆದರೂ ಇರುವ ಫೈಲ್ ಬೇಕು. ಮರದ ಪಟ್ಟಿಯ ಮೇಲೆ ಮಡಚಲು ನಾಲ್ಕೂ ಕಡೆ ಎರಡೆರಡು ಇಂಚು ಖಾಲಿ ಬಟ್ಟೆ ಬಿಡಿಸಿ. ಇಲ್ಲವಾದರೆ ಚಿತ್ರವೇ ಪಕ್ಕಕ್ಕೆ ಮಡಚಿಹೋಗುತ್ತದೆ.

ಚಿತ್ರ ಗೆಲ್ಲುವುದೂ ಸೋಲುವುದೂ ಬಣ್ಣದಲ್ಲಿ. ಇಲ್ಲಿ ಬೆಳಕು ಎರಡು: ಎಡಗಡೆಯಿಂದ ಹೊರಗಿನ ತಣ್ಣನೆಯ ನೀಲಿ ಬೆಳಕು, ಬಲಗಡೆಯಿಂದ ಒಲೆಯ ಕೆಂಪು ಹಳದಿ. ಇಬ್ಬರೂ ಇವೆರಡರ ನಡುವೆ ಇದ್ದಾರೆ. ಕಂಪ್ಯೂಟರ್ ಪರದೆ ತಾನೇ ಬೆಳಗುತ್ತದೆ, ಬಟ್ಟೆ ಬೆಳಗುವುದಿಲ್ಲ. ಹಾಗಾಗಿ ಮುದ್ರಣ ಕಪ್ಪಾಗಿ ಕಾಣುತ್ತದೆ. ಆಗ ಅಂಗಡಿಯವರು ಇಡೀ ಚಿತ್ರವನ್ನೇ ಬೆಳ್ಳಗೆ ಮಾಡಿಬಿಡುತ್ತಾರೆ. ಹಿಂದಿನ ಮೇಜಿನ ಬಿಳಿ ಹಾಸು ಸುಣ್ಣ ಬಳಿದಂತಾಗಿ, ಎರಡೂ ಬೆಳಕು ಒಂದೇ ಆಗಿಹೋಗುತ್ತದೆ. ನೆರಳಿನ ಭಾಗವನ್ನಷ್ಟೇ ಒಂದಿಷ್ಟು ಬೆಳಗಿಸಲು ಹೇಳಿ. ಪೂರ್ತಿ ಮುದ್ರಿಸುವ ಮೊದಲು, ಹುಡುಗನ ಮುಖದ ಎತ್ತರದಲ್ಲಿ ಎಡದಿಂದ ಬಲದವರೆಗೆ ನಾಲ್ಕು ಇಂಚಿನ ಪಟ್ಟಿಯೊಂದನ್ನು ಅದೇ ಕ್ಯಾನ್ವಾಸಿನಲ್ಲಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ. ಮುಖದ ಕಂದು ಬಣ್ಣದಲ್ಲಿ ನೀಲಿಯೂ ಕೆಂಪೂ ಬೇರೆಬೇರೆಯಾಗಿ ಕಾಣಬೇಕು. ಮುಖವೆಲ್ಲ ಒಂದೇ ಕಪ್ಪು ಮುದ್ದೆಯಾಗಿದ್ದರೆ ಹಿಂದಕ್ಕೆ ಕಳುಹಿಸಿ. ಪಟ್ಟಿಯ ಖರ್ಚಿಗೆ ಚೌಕಾಸಿ ಬೇಡ.

ಶಾಯಿ ಪಿಗ್ಮೆಂಟ್ (ಕರಗದ ಬಣ್ಣದ ಪುಡಿ ಇರುವ) ಬಗೆಯದಾಗಿರಲಿ, ಬೇಗ ಮಾಸುವುದಿಲ್ಲ. ಬಟ್ಟೆಯನ್ನು ಮರದ ಪಟ್ಟಿಗೆ ಬಿಗಿಯುವಾಗ ಪ್ರತಿ ಬದಿಯ ನಡುವಿನಲ್ಲಿ ಮೊದಲ ಪಿನ್ನು, ಆಮೇಲೆ ಎದುರುಬದುರಾಗಿ ಹೊರಕ್ಕೆ, ಮೂಲೆಗಳು ಕೊನೆಗೆ. ಮುಂದೆ ಗಾಜು ಬೇಡ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯಾದರೆ ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕಿನ ತುಂಡು ಅಂಟಿಸಿ, ಗಾಳಿ ಆಡಲಿ. ಧೂಳು ಕೂತರೆ ಒಣ ಮೆತ್ತನೆಯ ಬ್ರಷ್ ಸಾಕು, ಒದ್ದೆ ಬಟ್ಟೆ ಮುಟ್ಟಿಸಬೇಡಿ.