ಬಾಡಿದ ಹೈಡ್ರಾಂಜಿಯಾಗೆ ತಕ್ಷಣ ನೀರು ಹೊಯ್ಯಬೇಡಿ

ಊಟಿಗೋ ಮಡಿಕೇರಿಗೋ ಹೋಗಿ ಬಂದವರು ಅಲ್ಲಿನ ದಪ್ಪ ನೀಲಿ ಹೂಗೊಂಚಲಿಗೆ ಮನಸೋತು ಬರುತ್ತಾರೆ. ಬಂದವರೇ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಹೈಡ್ರಾಂಜಿಯಾ ಹುಡುಕುತ್ತಾರೆ. ಆದರೆ ಏಪ್ರಿಲ್‌ನಲ್ಲಿ ಮನೆಗೆ ಬಂದ ಗಿಡ ಜೂನ್ ತನಕ ಉಳಿಯುವುದು ಕಷ್ಟ. ನಮ್ಮ ಬೀದಿಯಲ್ಲೇ ನಾಲ್ಕೈದು ಗಿಡ ಹೀಗೆ ಹೋಗಿದ್ದನ್ನು ನೋಡಿದ್ದೇನೆ. ಒಂದೂ ಬಾಯಾರಿ ಸಾಯಲಿಲ್ಲ. ಎಲ್ಲವೂ ನೀರು ಜಾಸ್ತಿಯಾಗಿ ಸತ್ತವು.

ಮೊದಲು ಜಾಗ. ಬೆಳಗಿನ ಬಿಸಿಲು ಹತ್ತು ಗಂಟೆಯವರೆಗೆ ಬಿದ್ದು, ಆಮೇಲೆ ನೆರಳಾಗುವ ಪೂರ್ವದ ಬಾಲ್ಕನಿ ಅಥವಾ ಸಜ್ಜಾದ ಕೆಳಗೆ ಇಡಿ. ಪಶ್ಚಿಮದ ಬಿಸಿಲು ಬೀಳುವ ಟೆರೇಸ್ ಆದರೆ ಹಸಿರು ಬಲೆ ಕಟ್ಟಲೇಬೇಕು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಬಿಸಿಲು ಕಂಡ ಊರು ನಮ್ಮ ಬೆಂಗಳೂರು, ಈ ಗಿಡಕ್ಕೆ ಅದು ಆಗಿಬರುವುದಿಲ್ಲ. ಕುಂಡವನ್ನು ಕಾದ ಕಾಂಕ್ರೀಟಿನ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಕೊಡಿ. ತುಳಸಿ, ಗುಲಾಬಿ ಕುಂಡಗಳನ್ನೂ ಪಕ್ಕಕ್ಕೇ ಒತ್ತಾಗಿ ಜೋಡಿಸಿ, ಒಂದಕ್ಕೊಂದು ತಂಪು.

ಕುಂಡ 12ರಿಂದ 14 ಇಂಚಿನದು, ಮಣ್ಣಿನದೇ ಆಗಲಿ. ಕಪ್ಪು ಪ್ಲಾಸ್ಟಿಕ್ ಬೇಡವೇ ಬೇಡ, ಬಿಸಿಲಿಗೆ ಬೇರು ಬೇಯುತ್ತದೆ. ಕೆಂಪು ಮಣ್ಣು, ಎರೆಹುಳು ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಸೇರಿಸಿ, ಒಂದು ಹಿಡಿ ದಪ್ಪ ಮರಳು ಹಾಕಿ. ಕೋಕೋಪೀಟನ್ನು ಮೂರು ಸಲ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಬಣ್ಣದ ಚೀಲದಲ್ಲಿ ಬರುವ ಎಷ್ಟೋ ರೆಡಿ ಮಿಕ್ಸ್‌ಗಳಲ್ಲಿ ಬರೀ ಕೋಕೋಪೀಟೇ ತುಂಬಿರುತ್ತದೆ. ಒಮ್ಮೆ ಪೂರ್ತಿ ಒಣಗಿತೆಂದರೆ ಅದು ಕುಗ್ಗಿ ಕುಂಡದಿಂದ ಬಿಡಿಸಿಕೊಳ್ಳುತ್ತದೆ, ಹೊಯ್ದದ್ದೆಲ್ಲ ಕುಂಡದ ಅಂಚಿನಲ್ಲಿ ಇಳಿದುಹೋಗುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಇನ್ನೊಂದು ಮಾತು: ಕುಂಡ ಬದಲಿಸುವ ಕೆಲಸ ಮೇ ತಿಂಗಳಲ್ಲಿ ಬೇಡ. ಮಳೆ ಹಿಡಿಯಲಿ.

ಈಗ ನೀರಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ.

ಮಧ್ಯಾಹ್ನ ಎರಡು ಗಂಟೆಗೆ ಗಿಡ ನೋಡಿ. ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತವೆ. ಅಯ್ಯೋ ಅಂತ ಒಂದು ಚೆಂಬು ನೀರು ಹೊಯ್ಯುತ್ತೀರಿ, ಅಲ್ವಾ? ಸ್ವಲ್ಪ ತಡೆಯಿರಿ. ಅಂಗೈ ಅಗಲದ ಆ ಎಲೆಗಳಿಂದ ಬಿಸಿಲು ಹೊತ್ತಿನಲ್ಲಿ ನೀರು ಆರಿಹೋಗುವ ವೇಗಕ್ಕೆ ಬೇರು ಎಳೆದುಕೊಡಲು ಆಗುವುದಿಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಜೋಲುತ್ತದೆ. ಸಂಜೆ ಆರಕ್ಕೆ ಬಂದು ನೋಡಿ, ತಾನಾಗಿ ಎದ್ದು ನಿಂತಿರುತ್ತದೆ. ಆ ಗಿಡಕ್ಕೆ ಬೇಕಿದ್ದದ್ದು ನೆರಳು.

ಸಂಜೆಯೂ ಏಳದಿದ್ದರೆ ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ಅಡಿಯ ತೂತಿನಿಂದ ಹೊರಬರುವವರೆಗೆ ನಿಧಾನವಾಗಿ ನೀರು ಕೊಡಿ. ಬೆರಳಿಗೆ ಒದ್ದೆ ಮಣ್ಣು ಅಂಟಿ ಬಂದು, ಎಲೆ ಆಗಲೂ ಜೋತಿದ್ದರೆ ಬೇರು ಕೊಳೆಯುತ್ತಿದೆ ಎಂದೇ ತಿಳಿಯಿರಿ. ಪಕ್ಕದ ಮನೆ ಆಂಟಿಯ ಗಿಡವನ್ನು ಹೀಗೆ ಕುಂಡದಿಂದ ಬಿಡಿಸಿ ನೋಡಿದೆ. ಬೆಳ್ಳಗಿರಬೇಕಾದ ಬೇರು ಕಂದಾಗಿತ್ತು, ಎಳೆದರೆ ಸಿಪ್ಪೆ ಜಾರಿ ಬರುತ್ತಿತ್ತು, ಚರಂಡಿ ವಾಸನೆ. ಪಾಪ, ಅವರು ದಿನಕ್ಕೆ ಮೂರು ಹೊತ್ತು ನೀರು ಹಾಕುತ್ತಿದ್ದರು. ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ ನೆರಳಲ್ಲಿಟ್ಟೆವು. ಮೇ ತಿಂಗಳೇ ಆದರೂ ಇದಕ್ಕೆ ಮಾತ್ರ ಮಳೆ ಕಾಯುವಂತಿರಲಿಲ್ಲ. ಬದುಕಿತು.

ಹಾಗಾಗಿ ಬೆಳಿಗ್ಗೆ ಏಳರೊಳಗೆ ಒಂದೇ ಸಲ, ಬುಡಕ್ಕೆ ಮಾತ್ರ, ತುಂಬಾ ನೀರು ಕೊಡಿ. ಮೇಲೆ ಎರಡು ಇಂಚು ತರಗೆಲೆ ಹರಡಿ. ಕುಂಡದ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ.

ಯಾವ ನೀರು ಅನ್ನುವುದೂ ಮುಖ್ಯ. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಆಗ ಅನೇಕರು ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಹಾಕತೊಡಗಿದರು. ಉಪ್ಪಿನಂಶ ತುಂಬಿದ ಆ ನೀರು ಹೈಡ್ರಾಂಜಿಯಾಗೆ ಬೇಡ, ನೆಲ ತೊಳೆಯಲು ಇಟ್ಟುಕೊಳ್ಳಿ. ಅಕ್ಕಿ, ತರಕಾರಿ ತೊಳೆದ ನೀರು ಒಳ್ಳೆಯದು. ಭರಣಿ ಮಳೆ ಬಿದ್ದರೆ ಬಕೆಟ್ ಇಟ್ಟು ಹಿಡಿಯಿರಿ, ಅದಕ್ಕಿಂತ ಒಳ್ಳೆಯ ನೀರಿಲ್ಲ.

ನೀಲಿ ಗಿಡ ತಂದೆ, ಗುಲಾಬಿ ಹೂ ಬಿಟ್ಟಿತು, ನರ್ಸರಿಯವರು ಮೋಸ ಮಾಡಿದರು ಅನ್ನುವವರಿದ್ದಾರೆ. ಮೋಸ ಅಲ್ಲ. ಮಣ್ಣು ಹುಳಿಯಾಗಿದ್ದು, ಹುಳಿ ಅಳೆಯುವ ಪಿಎಚ್ ಅಂಕಿ 5.5ಕ್ಕಿಂತ ಕೆಳಗಿದ್ದರೆ, ಗಿಡ ಮಣ್ಣಿನ ಅಲ್ಯೂಮಿನಿಯಂ ಹೀರಿ ನೀಲಿ ಬಿಡುತ್ತದೆ. ನಮ್ಮ ಬೋರ್‌ವೆಲ್‌ಗಳ ಗಡಸು ನೀರು ಹಾಕುತ್ತಾ ಹೋದರೆ ಹುಳಿ ತಗ್ಗಿ ಹೂವು ಗುಲಾಬಿಗೆ ತಿರುಗುತ್ತದೆ. ನೀಲಿಯೇ ಬೇಕೆಂದರೆ ಮೊಗ್ಗು ಕಾಣುವ ಮೊದಲೇ, ನಾಲ್ಕು ಲೀಟರ್ ನೀರಿಗೆ ಒಂದು ಟೀ ಚಮಚ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ ಒದ್ದೆ ಮಣ್ಣಿಗೆ ತಿಂಗಳಿಗೊಮ್ಮೆ ಹಾಕಿ. ತುಕ್ಕು ಮೊಳೆ, ಫಿಲ್ಟರಿನಲ್ಲಿ ಉಳಿದ ಕಾಫಿ ಪುಡಿ ಇವೆಲ್ಲ ಸುಮ್ನೆ. ಬಿಳಿ ಜಾತಿಗೆ ಏನು ಮಾಡಿದರೂ ನೀಲಿ ಬರುವುದಿಲ್ಲ. ನನ್ನ ಕೇಳಿದರೆ ಗುಲಾಬಿಯನ್ನೇ ಒಪ್ಪಿಕೊಳ್ಳಿ, ನಮ್ಮ ನೀರಿಗೆ ಅದೇ ಸಹಜ.

ಕತ್ತರಿ ಹಾಕುವುದು ಹೂ ಮುಗಿದ ಕೂಡಲೇ, ಗೊಂಚಲಿನ ಕೆಳಗಿನ ಒಂದು ಜೊತೆ ದಪ್ಪ ಮೊಗ್ಗಿನ ಮೇಲೆ. ತಡಮಾಡಿ ಚಳಿಗಾಲದಲ್ಲಿ ಬೋಳಿಸಿದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ, ಯಾಕೆಂದರೆ ಈ ಜಾತಿ ಹಳೆಯ ಕೊಂಬೆಯಲ್ಲೇ ಹೂ ಕಟ್ಟುತ್ತದೆ. ಕತ್ತರಿಸಿದ್ದನ್ನು ನಾಯಿ, ಬೆಕ್ಕು ತಿನ್ನದಂತೆ ನೋಡಿಕೊಳ್ಳಿ, ವಿಷ.

ರೋಹಿಣಿ ಮಳೆ ಹೊತ್ತಿಗೆ ಕಡ್ಡಿ ನೆಡಿ. ಹೂ ಬಿಡದ ಐದು ಇಂಚಿನ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಮೇಲಿನ ಎರಡು ಎಲೆ ಮಾತ್ರ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ ಮರಳು ಮಿಶ್ರ ಕೋಕೋಪೀಟಿಗೆ ಸಿಕ್ಕಿಸಿ. ತಳ ಕತ್ತರಿಸಿದ ನೀರಿನ ಬಾಟಲಿ ಮುಚ್ಚಿ ನೆರಳಲ್ಲಿಡಿ. ಮೂರ್ನಾಲ್ಕು ವಾರದ ಮೇಲೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಬಂದಿದೆ.